ಗರಡಿಯಿಂದ ಗರಡಿಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರೆನಿಸಿಕೊಂಡವರು ಈ ವೇದಿಕೆಯ ಮೇಲೆ ನಿಂತರೆ ಕವಿಯನ್ನೋ ಕಾವ್ಯವನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ವರ್ಷ ಕಾರ್ಯದರ್ಶಿಗಳು ನಮ್ಮ ಪ್ರವಾಸದ ವಿಷಯವನ್ನು ಹೇಳಬೇಕೆಂದು ಅಪ್ಪಣೆಮಾಡಿದ್ದಾರೆ. ಕಳೆದ ಬೇಸಗೆಯ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಒಂದು ಮೋಟಾರು ಗಾಡಿಯಲ್ಲಿ ಕಾಸರಗೋಡಿನಿಂದ ಹೊರಟು, ವಡಕರ, ವಯನಾಡು, ಮೈಸೂರು, ಹುಬ್ಬಳ್ಳಿ, ಬೆಳಗಾವಿಗಳ ಮಾರ್ಗವಾಗಿ ಕೊಲ್ಲಾಪುರದವರೆಗೆ ಹೋಗಿ, ಘಟ್ಟವನ್ನಿಳಿದು ಕಡಲತೀರದ ದಾರಿಯಿಂದ ಮರಳಿದೆವು. ದಾರಿಯುದ್ದಕ್ಕೂ ನಾವು ಅರಸಿದ್ದು ಗರಡಿಗಳನ್ನು, ಕಳರಿಗಳನ್ನು, ತಾಲೀಮುಗಳನ್ನು. ಪಾಠ ಹೇಳುವವರಿಗೆ ಮಲ್ಲರ ಮನೆಯಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರವೇ ಇಂದಿನ ಮಾತು.

ರನ್ನನ ಗದಾಯುದ್ಧವನ್ನು ಪಾಠಮಾಡುವಾಗ ತರಗತಿಯಲ್ಲಿ ನಮಗೊಂದು ತೊಡಕು ಎದುರಾಗುತ್ತದೆ. 'ಪಟ್ಟು' ಎಂದರೆ ಹಟವೆಂದು ಮಕ್ಕಳು ಬರೆಯುತ್ತಾರೆ. 'ಸೆಡ್ಡು ಹೊಡೆ' ಎಂದರೆ ವಿರೋಧಿಸು ಎನ್ನುತ್ತಾರೆ. ತಪ್ಪಲ್ಲ, ಆದರೆ ಇವು ನೆರಳುಗಳು, ವಸ್ತುಗಳಲ್ಲ. ಪಟ್ಟೆಂದರೆ ಎದುರಾಳಿಯ ಮೈಯನ್ನು ಹಿಡಿಯುವ ಒಂದು ಕ್ರಮ. ಸೆಡ್ಡೆಂದರೆ ತೋಳನ್ನೋ ತೊಡೆಯನ್ನೋ ತಟ್ಟಿ ಕಾಳಗಕ್ಕೆ ಕರೆಯುವ ಸದ್ದು. ವರಸೆ ತೆಗೆದ, ತೊಡೆ ತಟ್ಟಿ ನಿಂತ, ಮಣ್ಣು ಮುಕ್ಕಿಸಿದ, ಅಖಾಡಕ್ಕೆ ಇಳಿದ, ಇಂಥವರ ಗರಡಿಯಲ್ಲಿ ಪಳಗಿದ, ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ - ಇವೆಲ್ಲವೂ ಗರಡಿಯ ಬಾಗಿಲಿನಿಂದ ಹೊರಬಂದು ನಮ್ಮ ಮಾತಿನಲ್ಲಿ ನೆಲೆಸಿದವು. ಬೇರನ್ನು ಕಾಣದವರಿಗೆ ಕೊಂಬೆಯನ್ನು ತೋರಿಸಿ ಪಾಠ ಹೇಳುವುದೆಂತು? ಬೇರನ್ನು ನಾವೇ ಒಮ್ಮೆ ಕಂಡುಬರೋಣವೆಂದು ಹೊರಟೆವು.

ಮೊದಲು ತೆಂಕಣಕ್ಕೆ, ತಲಶ್ಶೇರಿ-ವಡಕರಗಳ ಸೀಮೆಗೆ. ಹಳೆಯ ಕಡತ್ತನಾಡು ಇದು; ವಡಕ್ಕನ್ ಪಾಟ್ಟುಗಳೆಂಬ ವೀರಗೀತೆಗಳ ತವರು. ಕಳರಿಗೆ ರೂಢಿಯ ಅಳತೆ ನಲವತ್ತೆರಡು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲ. ನೆಲವನ್ನು ಅಗೆದು ತಗ್ಗಿಸಿ, ಮೇಲೆ ಸೋಗೆ ಹೊದಿಸಿರುತ್ತಾರೆ. ಬಾಗಿಲು ಮೂಡಲಿಗೆ, ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲ ಪೂತ್ತರ. ಬಲಗಾಲನ್ನು ಮುಂದಿಟ್ಟು ಇಳಿದು, ನೆಲಮುಟ್ಟಿ, ಗುರುಕ್ಕಳರ ಪಾದಮುಟ್ಟಿ ಅಭ್ಯಾಸಕ್ಕೆ ತೊಡಗಬೇಕು.

ನಮ್ಮನ್ನು ಅಲ್ಲಿ ಬೆರಗಾಗಿಸಿದ್ದು ಕತ್ತಿಯ ಝಳಪಲ್ಲ, ಭಾಷೆ. ಕಲಿಕೆಯ ನಾಲ್ಕು ಹಂತಗಳ ಹೆಸರನ್ನು ಕೇಳಿ: ಮೆಯ್ತ್ತಾರಿ, ಕೋಲ್ತ್ತಾರಿ, ಅಂಕತ್ತಾರಿ, ವೆರುಂಕೈ. ಮೆಯ್ ಎಂಬುದು ಹಳಗನ್ನಡದ ಮೆಯ್, ಇಂದಿನ ಮೈ. ಕೋಲು ಕೋಲೇ. ಅಂಕವೆಂದರೆ ಕಾಳಗ, ನಮ್ಮ ಶಾಸನಗಳ ಅಂಕಕಾರನನ್ನೂ ತುಳುನಾಡಿನ ಕೋಳಿ ಅಂಕವನ್ನೂ ನೆನೆಯಿರಿ. ವೆರುಂಕೈ ಎಂದರೆ ಬರಿಗೈ. ಕಳರಿ ಎಂಬ ಶಬ್ದವನ್ನು ಸಂಸ್ಕೃತದ ಖಲೂರಿಕಾ ಶಬ್ದದೊಡನೆ ಜೋಡಿಸುವವರುಂಟು. ರಣಭೂಮಿಯೆಂಬ ಅರ್ಥದ ದ್ರಾವಿಡ 'ಕಳ'ವೇ ಮೂಲವೆನ್ನುವವರೂ ಉಂಟು. ವಾದ ಹೇಗೇ ಇರಲಿ, ನೆರೆಮನೆಯ ಅಂಗಳದಲ್ಲಿ ನಮ್ಮ ಅಜ್ಜಿಯ ಪೆಟ್ಟಿಗೆಯನ್ನು ಕಂಡಂತಾಯಿತು.

ಗುರುಕ್ಕಳರು ಒಂದು ಮೂಲೆಯಲ್ಲಿ ನಿಂತು ವಾಯ್ತ್ತಾರಿಯನ್ನು ನುಡಿಯುತ್ತಾರೆ. ಬಲಕ್ಕೆ, ಎಡಕ್ಕೆ, ಅಮರು, ನಿಮಿರು ಎಂಬ ಆಜ್ಞೆಗಳ ಸರಮಾಲೆಯದು. ಮಕ್ಕಳ ಮೈ ಆ ಮಾತಿನ ಹಿಂದೆಯೇ ಹರಿಯುತ್ತದೆ. ಆಟ ಎಷ್ಟೋ ಅಷ್ಟೇ ಮಾತು. ಮಾತನ್ನು ಮರೆತರೆ ಆಟವೂ ಹೋಯಿತು. ಪಳಶ್ಶಿ ರಾಜನು ೧೮೦೫ರಲ್ಲಿ ಮಡಿದ ಕಾಲದಲ್ಲಿ ಕಂಪೆನಿ ಸರ್ಕಾರವು ಮಲಬಾರಿನ ಜನರಿಂದ ಆಯುಧಗಳನ್ನು ಕಿತ್ತುಕೊಂಡು, ಕಳರಿಗಳು ಬಹುಮಟ್ಟಿಗೆ ಬಾಡಿದುವು. ಅಳಿದುಳಿದ ವಿದ್ಯೆಯನ್ನು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳರು, ಅವರ ಶಿಷ್ಯರಾದ ಸಿ. ವಿ. ನಾರಾಯಣನ್ ನಾಯರರು ಮತ್ತೆ ಬೆಳಕಿಗೆ ತಂದರು. ವಡಕರದ ಮೀನಾಕ್ಷಿಯಮ್ಮನವರಿಗೆ ೨೦೧೭ರಲ್ಲಿ ಪದ್ಮಶ್ರೀ ದೊರೆತಾಗ ಅವರಿಗೆ ಎಪ್ಪತ್ತು ದಾಟಿತ್ತು; ಆ ವಯಸ್ಸಿನಲ್ಲಿಯೂ ಅವರು ಕತ್ತಿ ಹಿಡಿದು ಪಾಠ ಹೇಳುತ್ತಿದ್ದರು. ಒಬ್ಬಿಬ್ಬರು ಉಳಿಸಿಕೊಂಡರೆ ವಿದ್ಯೆ ಮತ್ತೆ ಚಿಗುರುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅಲ್ಲಿಂದ ಘಟ್ಟವನ್ನೇರಿ ವಯನಾಡು. ಸುಲ್ತಾನ್ ಬತ್ತೇರಿಯ ಹಳೆಯ ಬಸದಿಯಲ್ಲಿ ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡುಗಳನ್ನು ಇರಿಸಿದ್ದರಿಂದ ಊರಿಗೆ ಆ ಹೆಸರು ಬಂತು. ಬಂಡೀಪುರದ ಕಾಡನ್ನು ಹಗಲಿನಲ್ಲಿಯೇ ದಾಟಿ, ಗುಂಡ್ಲುಪೇಟೆಯ ಮೇಲಿಂದ ಮೈಸೂರನ್ನು ಸೇರಿದೆವು.

ಮೈಸೂರಿನ ಗರಡಿಮನೆಗಳು ಹಳೆಯ ಕೇರಿಗಳ ನಡುವೆ ತಗ್ಗು ಬಾಗಿಲಿಟ್ಟುಕೊಂಡು ಕುಳಿತಿವೆ. ತಲೆಬಾಗದೆ ಒಳಹೋಗುವಂತಿಲ್ಲ. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿದ ಗದೆಗಳು, ನಡುವೆ ಕೆಮ್ಮಣ್ಣಿನ ಮಟ್ಟಿ. ಮಣ್ಣನ್ನು ಜರಡಿಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆಗಳನ್ನು ಬೆರೆಸಿ ಹದಮಾಡುತ್ತಾರೆ. ದಸರೆಯ ಹೊತ್ತಿಗೆ ನಾಡಕುಸ್ತಿ ಏರ್ಪಡುತ್ತದೆ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ; ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮುಳ್ಳಿನ ಆಯುಧ ತೊಟ್ಟು ಎದುರುಬದುರು ನಿಲ್ಲುತ್ತಾರೆ; ಒಬ್ಬನ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ.

ಈ ಸಂಪ್ರದಾಯ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣವಿದೆ. ಭಾರವೆತ್ತುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬವನ್ನು ಹಿಡಿದು ಮಾಡುವ ಶ್ರಮ ಎಂದು ಮಲ್ಲರ ದಿನಚರಿಯನ್ನು ಅರಸನೇ ವಿಂಗಡಿಸಿದ್ದಾನೆ. ವಿಜಯನಗರದ ಮಹಾನವಮಿಯಲ್ಲಿ ನಡೆಯುತ್ತಿದ್ದ ಮಲ್ಲಯುದ್ಧವನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ಒಂದು ಗರಡಿಯಲ್ಲಿ ವಯೋವೃದ್ಧ ಪೈಲ್ವಾನರೊಬ್ಬರು ಸನಿಕೆ ಹಿಡಿದು ತಾವೇ ಮಟ್ಟಿಯನ್ನು ಅಗೆಯುತ್ತಿದ್ದರು. ಅಭ್ಯಾಸಕ್ಕೆ ಬಂದಿದ್ದ ಹುಡುಗರು ಇಬ್ಬರೇ. ಇಬ್ಬರಿಗಾಗಿ ಇಷ್ಟು ಶ್ರಮವೇಕೆಂದು ನಾವು ವಿಚಾರಿಸಿದೆವು. "ಮಟ್ಟಿ ದಿನಾ ಅಗೀಬೇಕು ಮೇಷ್ಟ್ರೇ. ಒಂದು ತಿಂಗಳು ಬಿಟ್ರೆ ಕಲ್ಲಾಗ್ಬಿಡುತ್ತೆ. ಆಮೇಲೆ ಇಪ್ಪತ್ತು ಹುಡುಗರು ಬಂದ್ರೂ ಬೀಳೋದಕ್ಕೆ ಜಾಗ ಇರೋಲ್ಲ" ಎಂದರು. ಮತ್ತೆ ಅಗೆಯತೊಡಗಿದರು.

ಕೊಲ್ಲಾಪುರದಲ್ಲಿ ಗರಡಿಯ ಹೆಸರು ತಾಲೀಮು. ಗುರುವಿನ ಹೆಸರು ವಸ್ತಾದ. ಅಲ್ಲಿನ ಖಾಸಬಾಗ ಮೈದಾನವನ್ನು ಶಾಹು ಮಹಾರಾಜರು ಕಟ್ಟಿಸಿದರು; ಅದು ೧೯೧೨ರಲ್ಲಿ ಸಿದ್ಧವಾಯಿತು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ತಂದ ಖಾಶಾಬಾ ಜಾಧವರು ಕರಾಡದ ಬಳಿಯ ಗೋಳೇಶ್ವರದವರು. ಓದಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ. ಅವರ ಪ್ರಯಾಣಕ್ಕೆ ಹಣ ಸಾಲದಾದಾಗ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನು ಏಳು ಸಾವಿರ ರೂಪಾಯಿಗೆ ಒತ್ತೆಯಿಟ್ಟರೆಂದು ಹೇಳುತ್ತಾರೆ. ಪಾಠ ಹೇಳುವ ನಾವು ಮೂವರೂ ಈ ಮಾತನ್ನು ಕೇಳಿ ಬಹಳ ಹೊತ್ತು ಮೌನವಾಗಿದ್ದೆವು.

ಆ ತಾಲೀಮೊಂದರಲ್ಲಿ ಜತ್ತದ ಕಡೆಯ ಹುಡುಗನೊಬ್ಬನು ನಮ್ಮ ಮಾತು ಕಿವಿಗೆ ಬಿದ್ದೊಡನೆ ಮೈಗೆ ಮೆತ್ತಿದ ಮಣ್ಣನ್ನೂ ಕೊಡವದೆ ಓಡಿಬಂದನು. "ಸರ್ರ, ನೀವು ಪುಸ್ತಕದಾಗಿನ ಹಂಗ ಕನ್ನಡ ಮಾತಾಡ್ತೀರಲ್ರಿ, ಯಾವ ಊರ್ರಿ?" ಎಂದನು. ಕಾಸರಗೋಡೆಂದೆವು. ಅವನು ಆ ಹೆಸರನ್ನು ಕೇಳಿರಲಿಲ್ಲ. ಕೇರಳದಲ್ಲಿಯೂ ಕನ್ನಡ ಶಾಲೆಗಳಿವೆಯೆಂದಾಗ ಅವನ ಕಣ್ಣು ಅರಳಿತು. "ನಮ್ಮ ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ತಾಲೀಮದಾಗ ಎರಡೂ ನಡೀತಾವ್ರಿ" ಎಂದನು. ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದೆವು. "ಇಲ್ರಿ, ಅಜ್ಜಗ ಬರ್ತಿತ್ರಿ" ಎಂದನು. ಗಡಿಯ ಈ ತುದಿಯವರಿಗೆ ಆ ತುದಿಯ ಹುಡುಗನಿತ್ತ ಈ ಉತ್ತರವನ್ನು ನಾವು ಇಲ್ಲಿಯವರೆಗೂ ಹೊತ್ತು ತಂದಿದ್ದೇವೆ.

ಮರಳುವಾಗ ಕಂಡದ್ದು ತುಳುನಾಡಿನ ಗರಡಿಗಳು. ಕೋಟಿ-ಚೆನ್ನಯರ ಹೆಸರಿನ ಈ ಗರಡಿಗಳು ಇಂದು ಆರಾಧನೆಯ ಸ್ಥಾನಗಳು. ನೇಮದ ದಿನ ದೀಪ ಉರಿಯುತ್ತದೆ, ಜನ ಸೇರುತ್ತಾರೆ. ಹೆಸರು ಮಾತ್ರ ಒಂದು ಕಾಲದ ಅಂಗಸಾಧನೆಯನ್ನು ನೆನಪಿಸುತ್ತದೆ. ಪೂಜೆ ಉಳಿದದ್ದು ಸಂತೋಷವೇ. ಆದರೆ ನಮ್ಮ ನುಡಿಯೂ ವರ್ಷಕ್ಕೊಮ್ಮೆ ಉತ್ಸವದ ದಿನ ಮಾತ್ರ ದೀಪಹಚ್ಚಿ ಕೈಮುಗಿಯುವ ವಸ್ತುವಾದೀತೇ ಎಂಬ ಶಂಕೆ ಆ ಅಂಗಳದಲ್ಲಿ ನಿಂತಾಗ ನಮಗೆ ಹುಟ್ಟಿತು.

ಮಹನೀಯರೇ, ೧೯೫೬ರ ನವೆಂಬರ್ ಒಂದರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಹಿರಿಯರು ಮಾಡಿದ ಹೋರಾಟವನ್ನು ನಾವು ಬಲ್ಲೆವು. ಇಂದಿನ ಆಪತ್ತು ಹೊರಗಿನಿಂದ ಮಾತ್ರ ಬಂದುದಲ್ಲ. ಶಾಲೆಯಲ್ಲಿ ಒಂದು ವರ್ಷ ಕನ್ನಡದ ಒಂದನೆಯ ತರಗತಿಗೆ ಮಕ್ಕಳು ಬಾರದಿದ್ದರೆ, ಮರುವರ್ಷ ಎರಡನೆಯ ತರಗತಿ ಬರಿದು. ಅದರ ಮರುವರ್ಷ ಮೂರನೆಯದು. ಆ ಬರಿದು ವರ್ಷಕ್ಕೊಂದು ಮೆಟ್ಟಿಲನ್ನೇರಿ ಹತ್ತನೆಯ ವರ್ಷಕ್ಕೆ ನಮ್ಮ ಪ್ರೌಢಶಾಲೆಯ ಮೇಲಿನ ತರಗತಿಯನ್ನು ಮುಟ್ಟುತ್ತದೆ. ಆಗ ಎಚ್ಚತ್ತರೆ ಮಟ್ಟಿ ಕಲ್ಲಾಗಿರುತ್ತದೆ.

ನೆರೆಯವರ ವಿದ್ಯೆಯನ್ನು ಕಲಿಯಬೇಡಿರೆಂದು ನಾವು ಹೇಳುವುದಿಲ್ಲ. ನಮ್ಮ ಎಷ್ಟೋ ಮಕ್ಕಳು ಕಳರಿಯಲ್ಲಿ ಮಲೆಯಾಳದ ವಾಯ್ತ್ತಾರಿಗೆ ಹೆಜ್ಜೆ ಹಾಕಲಿ; ಅದರಿಂದ ಮೈಗೂ ಹಿತ, ಮನಸ್ಸಿಗೂ ಹಿತ. ಅದರೊಡನೆ ಮೂರು ಕೆಲಸಗಳನ್ನು ಮಾಡಬೇಕೆಂದು ಬಿನ್ನಹ. ಮನೆಯ ಹಿರಿಯರಿಗೆ ತಿಳಿದಿರುವ ಸಾಮು, ಪಟ್ಟು, ವರಸೆಗಳ ಹೆಸರುಗಳನ್ನು ಮಕ್ಕಳು ಕೇಳಿ ಬರೆದು ತರಲಿ. ಅವುಗಳನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚುಮಾಡುವ ಭಾರವನ್ನು ಸಂಘವು ವಹಿಸಲಿ. ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಕನ್ನಡವನ್ನೋದಲಿ, ಉಳಿದವರು ಕೇಳಲಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬರುವ ಜೂನಿನಲ್ಲಿ ಶಾಲೆ ತೆರೆದಾಗ, ನಿಮ್ಮ ಮನೆಯ ಮಗುವಿನ ಕೈಹಿಡಿದು ಕನ್ನಡ ತರಗತಿಯ ಬಾಗಿಲಿಗೆ ಬನ್ನಿ. ಇಬ್ಬರೇ ಬಂದರೂ ನಾವು ಪಾಠ ನಡೆಸುತ್ತೇವೆ.