ಯಂತ್ರದ ರೋಜಕೀರ್ದಿ
(ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗಿರಣಿ ಕಾರಖಾನೆಗಳಲ್ಲಿ ದುಡಿಯುವವರಿದ್ದಾರೆ, ಕಚೇರಿಗಳಲ್ಲಿ ಲೆಕ್ಕ ಬರೆಯುವವರಿದ್ದಾರೆ, ಮಕ್ಕಳನ್ನು ಹಿಂಜವಡಿಯ ಗಣಕ ಕಂಪನಿಗಳಿಗೆ ಕಳಿಸುವ ತಾಯಿತಂದೆಗಳೂ ಇದ್ದಾರೆ. ಈ ಎಲ್ಲರಿಗೂ ಬೇಕಾದ ಒಂದು ವಿಷಯವನ್ನು ಇಂದು ಆರಿಸಿಕೊಂಡಿದ್ದೇನೆ. ಗಣಕಯಂತ್ರವು ಒಮ್ಮೆ ಮಾಡಿ, ಮತ್ತೆ ಮಾಡದೆ ಬಿಟ್ಟ ತಪ್ಪನ್ನು ಹಿಡಿಯುವುದು ಹೇಗೆ? ಹಿಡಿಯದೆ ಹೋದರೆ ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ?

ಒಂದು ಉದಾಹರಣೆ ಇಟ್ಟುಕೊಂಡು ಹೊರಡೋಣ. ಪಗಾರದ ಹಿಂದಿನ ದಿನ ಒಂದು ಗಿರಣಿಯ ಗಣಕ ಎಂಟುನೂರು ಜನರ ಲೆಕ್ಕ ಮಾಡುತ್ತದೆ. ಉಳಿದವರ ಲೆಕ್ಕವೆಲ್ಲ ಸರಿ. ಒಬ್ಬನ ರಾತ್ರಿಪಾಳಿಯ ಎಂಟು ತಾಸು ಮಾತ್ರ ಮಾಯ. ಅವನು ಬಂದು ಕಾರಕೂನನ ಮೇಜಿನ ಮುಂದೆ ನಿಲ್ಲುತ್ತಾನೆ. ಕಾರಕೂನ ಗೇಟಿನ ದಾಖಲೆಗಳಿಂದ ಮತ್ತೊಮ್ಮೆ ಲೆಕ್ಕ ಹಾಕಿಸುತ್ತಾನೆ. ಈ ಸಲ ಎಂಟು ತಾಸು ಸರಿಯಾಗಿ ಬಂದುಬಿಡುತ್ತದೆ! ಗಣಕದ ವ್ಯವಸ್ಥೆ ಮಾಡಿಕೊಟ್ಟವರನ್ನು ಕೇಳಿದರೆ, "ನಮ್ಮಲ್ಲಿ ಸರಿಯಾಗಿಯೇ ಬರುತ್ತದೆ, ನಿಮ್ಮವರೇ ಏನೋ ತಪ್ಪು ಒತ್ತಿರಬೇಕು" ಎಂಬ ಉತ್ತರ. ಮುಂದಿನ ತಿಂಗಳು ಇನ್ನೊಬ್ಬನ ತಾಸು ಮಾಯವಾಗುತ್ತದೆ.

ಹುಡುಕಹೋದರೆ ಅಡಗಿಕೊಳ್ಳುವ ಇಂಥ ದೋಷಕ್ಕೆ ಗಣಕದವರಲ್ಲಿ ಒಂದು ಹೆಸರೇ ಇದೆ. ಅಮೆರಿಕದ ಜಿಮ್ ಗ್ರೇ ಎಂಬ ಗಣಕ ವಿಜ್ಞಾನಿ 1985ರ ಒಂದು ಬರಹದಲ್ಲಿ ಇದನ್ನು ಹೈಸೆನ್‌ಬಗ್ ಎಂದು ಕರೆದರು. ಬಗ್ ಎಂದರೆ ಹುಳು. ಭೌತವಿಜ್ಞಾನಿ ಹೈಸೆನ್‌ಬರ್ಗರ ಹೆಸರನ್ನು ಅದಕ್ಕೆ ತಮಾಷೆಗೆ ಅಂಟಿಸಿದ್ದು. ನೋಡಲು ಕಣ್ಣಿಟ್ಟೊಡನೆ ಕಾಣದಾಗುವ ಹುಳು ಎಂದು ಅರ್ಥ ಮಾಡಿಕೊಳ್ಳಬಹುದು.

ಆದರೆ ಯಂತ್ರಕ್ಕೆ ಮನಸ್ಸಿಲ್ಲ, ಬೇಸರವಿಲ್ಲ. ಒಂದೇ ಸ್ಥಿತಿಯಿಂದ ಹೊರಟು, ಅವೇ ಆಜ್ಞೆಗಳನ್ನು ಅದೇ ಕ್ರಮದಲ್ಲಿ ಪಡೆದರೆ ಅದು ಸಾವಿರ ಸಲವೂ ಅದೇ ಉತ್ತರ ಕೊಡಬೇಕು. ಹಾಗಾದರೆ ಮೊದಲ ಸಲ ಒಂದು ಉತ್ತರ, ಎರಡನೆಯ ಸಲ ಇನ್ನೊಂದು ಹೇಗೆ ಬಂತು? ಬದಲಾದದ್ದು ಯಂತ್ರವಲ್ಲ, ಹೊರಗಿನಿಂದ ಅದಕ್ಕೆ ಬಂದ ಸುದ್ದಿಯ ಗಳಿಗೆ.

ಇಬ್ಬರು ಕಾರಕೂನರು ಒಂದೇ ಖಾತೆಯ ಹಾಳೆಯ ಮೇಲೆ ಕೆಲಸ ಮಾಡುತ್ತಿದ್ದಾರೆಂದು ತಿಳಿಯಿರಿ. ಮೊದಲನೆಯವನು ಮೊತ್ತವನ್ನು ಚೀಟಿಯ ಮೇಲೆ ಬರೆದುಕೊಂಡು ಪಕ್ಕದ ಮೇಜಿಗೆ ಹೋದ. ಅಷ್ಟರಲ್ಲಿ ಎರಡನೆಯವನು ಬಂದು ಎಂಟು ತಾಸು ಸೇರಿಸಿ ಹೊಸ ಮೊತ್ತ ಬರೆದ. ಮೊದಲನೆಯವನು ತಿರುಗಿ ಬಂದು, ಹಾಳೆಯನ್ನು ನೋಡದೆ, ತನ್ನ ಚೀಟಿಯ ಹಳೆಯ ಮೊತ್ತದಿಂದಲೇ ಲೆಕ್ಕ ಮುಂದುವರಿಸಿ ಬರೆದುಬಿಟ್ಟ. ಎಂಟು ತಾಸು ಅಳಿಸಿಹೋಯಿತು. ಗಣಕದೊಳಗೆ ಗೇಟಿನ ಹಾಜರಿ ಸುದ್ದಿಯು ಎರಡು ಹೆಜ್ಜೆಗಳ ನಡುವಿನ ಸಂದಿಯಲ್ಲಿ ಬಂದರೆ ಹೀಗೆಯೇ ಆಗುತ್ತದೆ. ಎರಡನೆಯ ಸಲ ಆ ಸಂದಿಯಲ್ಲಿ ಯಾರೂ ಬರಲಿಲ್ಲ, ಉತ್ತರ ಸರಿಬಂತು. ತಪ್ಪು ಮಾತ್ರ ಅಲ್ಲಿಯೇ ಕುಳಿತಿದೆ.

ಈಗ ಇದಕ್ಕೆ ಕಂಡುಹಿಡಿದ ಉಪಾಯವನ್ನು ಹೇಳುತ್ತೇನೆ. ಗಣಕವು ಇಟ್ಟ ಪ್ರತಿಯೊಂದು ಹೆಜ್ಜೆಯನ್ನೂ ಬರೆದಿಡಬೇಕೆಂದರೆ ಆಗದ ಮಾತು. ಇಂದಿನ ಗಣಕ ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆ ಇಡುತ್ತದೆ. ಆದರೆ ಎಲ್ಲವನ್ನೂ ಬರೆಯಬೇಕಾದ ಅಗತ್ಯವೇ ಇಲ್ಲ. ನಾವು ಲೆಕ್ಕ ಇಡುವುದು ಹೇಗೆ? ಆರಂಭದ ಶಿಲ್ಕು ಒಂದು, ಆ ಮೇಲೆ ಬಂದದ್ದು ಹೋದದ್ದರ ರೋಜಕೀರ್ದಿ ಒಂದು. ಇವೆರಡು ಕೈಯಲ್ಲಿದ್ದರೆ ಖಾತೆ ಪುಸ್ತಕ ಬೆಂಕಿಗೆ ಬಿದ್ದರೂ ಚಿಂತೆಯಿಲ್ಲ. ಕುಳಿತು ಮತ್ತೆ ಬರೆದರೆ ಅದೇ ಅಂಕಿಗಳು ಬಂದು ನಿಲ್ಲುತ್ತವೆ. ಏಕೆಂದರೆ ಕೂಡುವುದು ಕಳೆಯುವುದು ಯಾರು ಮಾಡಿದರೂ ಒಂದೇ.

ಗಣಕಕ್ಕೂ ಇದೇ ಮಾತು. ಆರಂಭದ ಸ್ಥಿತಿಯ ಪ್ರತಿಯನ್ನು ತೆಗೆದಿಡಬೇಕು, ಅದು ಶಿಲ್ಕು. ಅನಂತರ ಹೊರಗಿನಿಂದ ಬಂದದ್ದನ್ನು ಮಾತ್ರ ಬರೆಯಬೇಕು: ಒತ್ತಿದ ಕೀಲಿ, ತಂತಿಯಲ್ಲಿ ಬಂದ ಸುದ್ದಿ, ಗಡಿಯಾರ ತೋರಿಸಿದ ವೇಳೆ, ಅದು ರೋಜಕೀರ್ದಿ. ಒಳಗಿನ ಕೂಡು ಕಳೆಗಳನ್ನು ಯಂತ್ರ ತಾನೇ ಮತ್ತೆ ಮಾಡಿಕೊಳ್ಳುತ್ತದೆ. ಡಿಸ್ಕಿನಿಂದ ಓದಿದ ಅಂಕಿಗಳನ್ನು ಕೂಡ ಬರೆಯಬೇಕಿಲ್ಲ. ಡಿಸ್ಕಿನ ಆರಂಭದ ಪ್ರತಿ ಇದ್ದರೆ ಅವು ತಾವಾಗಿಯೇ ಬರುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. "ಹತ್ತು ಗಂಟೆ ಐದು ನಿಮಿಷಕ್ಕೆ ಬಂತು" ಎಂದು ಬರೆದರೆ ಸಾಲದು. ಆ ಒಂದು ನಿಮಿಷದಲ್ಲಿ ಎಷ್ಟು ಕೋಟಿ ಸಂದಿಗಳಿವೆಯೋ! ಆದುದರಿಂದ ಪಾವತಿಗೆ ನಂಬರು ಹಾಕಿದಂತೆ, ಯಂತ್ರವು ಎಷ್ಟನೆಯ ಹೆಜ್ಜೆ ಇಟ್ಟ ಮೇಲೆ ಇದು ಬಂತು ಎಂದು ಎಣಿಸಿ ಬರೆಯಬೇಕು. ಬೇಕಾದದ್ದು ವೇಳೆಯಲ್ಲ, ಹೆಜ್ಜೆಯ ನಂಬರು.

ಹೆಜ್ಜೆ ಎಣಿಸುವವರು ಯಾರು? ಇಲ್ಲಿಯೇ ಎಮ್ಯುಲೇಟರ್ ಬರುತ್ತದೆ. ಇದು ಯಂತ್ರದ ವೇಷ ಹಾಕಿದ ಒಂದು ತಂತ್ರಾಂಶ. ನಿಜವಾದ ಗಣಕದೊಳಗೆ ಇನ್ನೊಂದು ಗಣಕದ ಸೋಗು ಹಾಕಿ ನಿಲ್ಲುತ್ತದೆ. ಅದರೊಳಗೆ ನಡೆಯುವ ಪಗಾರದ ಲೆಕ್ಕಕ್ಕೆ ತಾನು ನಿಜವಾದ ಯಂತ್ರದಲ್ಲಿಯೇ ಇದ್ದೇನೆಂಬ ಭಾವನೆ. ಹೊರಗಿನಿಂದ ಏನೇ ಬಂದರೂ ಎಮ್ಯುಲೇಟರಿನ ಕೈ ದಾಟಿಯೇ ಒಳಗೆ ಹೋಗಬೇಕು. ಗಿರಣಿಯ ಗೇಟಿನಲ್ಲಿ ಪಹರೆಯವನು ಬಂದ ಮಾಲನ್ನೆಲ್ಲ ಬರೆದುಕೊಳ್ಳುತ್ತಾನಲ್ಲ, ಹಾಗೆ ಇದು ಬರೆದುಕೊಳ್ಳುತ್ತದೆ. ಮತ್ತೆ ನಡೆಸುವಾಗ ಗೇಟು ಮುಚ್ಚಿರುತ್ತದೆ; ಪಹರೆಯವನು ತನ್ನ ಪುಸ್ತಕ ನೋಡಿ, ಅದೇ ಮಾಲನ್ನು ಅದೇ ಹೆಜ್ಜೆಗೆ ಒಳಗೆ ಕಳಿಸುತ್ತಾನೆ. ಒಳಗಿನ ಯಂತ್ರ ಮೊದಲಿನಂತೆಯೇ ನಡೆದು, ಅದೇ ಜಾಗದಲ್ಲಿ ಅದೇ ತಪ್ಪನ್ನು ಮಾಡುತ್ತದೆ. ಎಂಟು ತಾಸು ಎಷ್ಟು ಸಲ ಬೇಕಾದರೂ ನಮ್ಮ ಕಣ್ಣೆದುರು ಅಳಿಸಿಹೋಗುತ್ತದೆ.

ಇದು ಸಿನಿಮಾ ತೆಗೆದಂತೆ ಅಲ್ಲ. ಸಿನಿಮಾದಲ್ಲಿ ಕ್ಯಾಮರಾ ಕಂಡದ್ದಷ್ಟೇ ಕಾಣುತ್ತದೆ. ಇಲ್ಲಿ ನಾಟಕವನ್ನೇ ಮತ್ತೆ ಆಡಿಸಿದಂತೆ. ಬೇಕಾದಲ್ಲಿ ನಿಲ್ಲಿಸಿ ಪಾತ್ರಧಾರಿಯ ಜೇಬಿನೊಳಗೆ ಏನಿದೆ ಎಂದು ನೋಡಬಹುದು. ಹಿಂದಕ್ಕೂ ನಡೆಯಬಹುದು. ಸಾವಿರನೆಯ ಹೆಜ್ಜೆಯಿಂದ ಒಂದು ಹೆಜ್ಜೆ ಹಿಂದೆ ಹೋಗಬೇಕೆಂದರೆ, ಮೊದಲಿನಿಂದಲೋ ನಡುವೆ ತೆಗೆದಿಟ್ಟ ಒಂದು ಶಿಲ್ಕಿನಿಂದಲೋ ಹೊರಟು ಒಂಬೈನೂರ ತೊಂಬತ್ತೊಂಬತ್ತನೆಯದರಲ್ಲಿ ನಿಂತರಾಯಿತು.

ಇದು ಬರಿಯ ಕಲ್ಪನೆಯಲ್ಲ. 2002ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾರ್ಜ್ ಡನ್‌ಲಪ್ ಮತ್ತು ಸಂಗಡಿಗರು ರೀವರ್ಟ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಗಣಕಕ್ಕೆ ಕನ್ನ ಹಾಕಿದ ಕಳ್ಳ ಏನೇನು ಮಾಡಿದನೆಂದು ಆಮೇಲೆ ಹೆಜ್ಜೆ ಹೆಜ್ಜೆಯಾಗಿ ನೋಡುವುದು ಅವರ ಉದ್ದೇಶ. ಅವರು ಪರೀಕ್ಷಿಸಿದ ಕೆಲಸಗಳಲ್ಲಿ ಈ ಬರವಣಿಗೆಯಿಂದ ಯಂತ್ರಕ್ಕೆ ಬಿದ್ದ ಹೆಚ್ಚಿನ ಹೊರೆ ಶೇಕಡಾ 0ಯಿಂದ 8. ಹಲವು ತಿಂಗಳ ದಾಖಲೆ ಒಂದೇ ಡಿಸ್ಕಿನಲ್ಲಿ ಹಿಡಿಸುವಂತಿತ್ತು. ವಿಎಂವೇರ್ ಕಂಪನಿ 2007ರಲ್ಲಿ ತನ್ನ ವರ್ಕ್‌ಸ್ಟೇಷನ್ ತಂತ್ರಾಂಶದಲ್ಲಿ ಈ ಸೌಲಭ್ಯ ಕೊಟ್ಟು, 2011ರಲ್ಲಿ ತೆಗೆದುಹಾಕಿತು. ಆದರೆ ಫ್ರಾನ್ಸಿನ ಫಾಬ್ರೀಸ್ ಬೆಲಾರ್ 2003ರಲ್ಲಿ ಆರಂಭಿಸಿದ ಕ್ಯೂಎಮು ಎಂಬ ಎಮ್ಯುಲೇಟರ್ ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದಾದದ್ದು. ನಮ್ಮ ವಾಚನಾಲಯದಂತೆ ಎಂದರೂ ನಡೆದೀತು. ರಷ್ಯದ ಪಾವೆಲ್ ದೊವ್ಗಾಲ್ಯುಕ್ ಮತ್ತು ಜೊತೆಗಾರರು ಸಿದ್ಧಪಡಿಸಿದ ದಾಖಲೆ ಮತ್ತು ಮರುನಡೆಯ ವಿಧಾನ 2015ರಲ್ಲಿ ಅದರಲ್ಲಿ ಸೇರಿತು. ಹಿಂದಕ್ಕೆ ನಡೆದು ತಪ್ಪು ಹುಡುಕುವ ಸೌಕರ್ಯ 2020ರಲ್ಲಿ ಬಂತು.

ಇದರಲ್ಲಿ ತೊಡಕುಗಳೂ ಇವೆ. ಎಮ್ಯುಲೇಟರಿನ ನಡಿಗೆ ನಿಜವಾದ ಯಂತ್ರಕ್ಕಿಂತ ಬಹಳ ನಿಧಾನ. ಅದಕ್ಕಿಂತ ದೊಡ್ಡದು, ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿಯುವಾಗಿನ ತೊಡಕು. ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಹೊರತಂದ ಪರಮ್ 8000 ಅಂಥ ಯಂತ್ರ. ಒಂದು ದೊಡ್ಡ ಲೆಕ್ಕವನ್ನು ಅನೇಕ ಸಂಸ್ಕಾರಕಗಳು ಹಂಚಿಕೊಂಡು, ಪರಸ್ಪರ ಸುದ್ದಿ ಕಳಿಸುತ್ತ ಮಾಡುತ್ತಿದ್ದವು. ಇಂದು ಜೇಬಿನ ಫೋನಿನಲ್ಲಿಯೂ ಹಲವು ಸಂಸ್ಕಾರಕಗಳಿವೆ. ಇವುಗಳಲ್ಲಿ ಯಾರು ಮೊದಲು ಹಾಳೆ ಮುಟ್ಟಿದರು, ಯಾರು ಆಮೇಲೆ ಎಂಬ ಸರದಿಯನ್ನೂ ಬರೆಯಬೇಕಾಗುತ್ತದೆ. ರೋಜಕೀರ್ದಿ ಬೆಟ್ಟದಷ್ಟು ಬೆಳೆಯುತ್ತದೆ. ಕ್ಯೂಎಮುವಿನ ಮರುನಡೆ ಈ ತೊಡಕನ್ನು ತಪ್ಪಿಸಿಕೊಳ್ಳಲು ಒಮ್ಮೆಗೆ ಒಂದೊಂದೇ ಹೆಜ್ಜೆಯ ಸರದಿಯಲ್ಲಿ ಸಾಗುತ್ತದೆ.

ಇಷ್ಟೆಲ್ಲ ಗಣಕದವರ ಗೋಜು, ನಮಗೇಕೆ ಎಂದು ಕೇಳಬಹುದು. ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ಕೇಳಿದರೆ ಉತ್ತರ ಸಿಗುತ್ತದೆ. ಅಲ್ಲಿ 1999ರಿಂದ ಅಂಚೆ ಕಚೇರಿಗಳಿಗೆ ಹೊರೈಜ಼ನ್ ಎಂಬ ಲೆಕ್ಕದ ಗಣಕ ವ್ಯವಸ್ಥೆ ಬಂತು. ಊರೂರಿನ ಉಪ ಅಂಚೆಪಾಲಕರ ಲೆಕ್ಕದಲ್ಲಿ ಇಲ್ಲದ ಕೊರತೆಗಳು ಕಾಣಿಸತೊಡಗಿದವು. "ನಾವು ತೆಗೆದಿಲ್ಲ" ಎಂದರೆ ಯಾರೂ ನಂಬಲಿಲ್ಲ. ಯಂತ್ರ ಹೇಳಿದ್ದೇ ಸರಿ ಎನಿಸಿತು. ಅನೇಕರು ಕೈಯಿಂದ ಹಣ ತುಂಬಿದರು, ಮನೆ ಮಾರಿದರು, ಕೆಲವರು ಸೆರೆಮನೆ ಕಂಡರು. ಶಿಕ್ಷೆಗೊಳಗಾದವರು 900ಕ್ಕೂ ಹೆಚ್ಚು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಆ ವ್ಯವಸ್ಥೆಯಲ್ಲಿ ದೋಷಗಳಿದ್ದುವೆಂದು ತೀರ್ಪು ಕೊಟ್ಟಿತು. 2021ರಲ್ಲಿ ಮೇಲ್ಮನವಿಯ ನ್ಯಾಯಾಲಯ ಒಂದೇ ದಿನ 39 ಜನರ ಶಿಕ್ಷೆಗಳನ್ನು ರದ್ದುಮಾಡಿ, ಆರೋಪಿಗಳಿಗೆ ಕೊಡಬೇಕಾದ ದಾಖಲೆಗಳನ್ನು ಕೊಟ್ಟಿರಲಿಲ್ಲವೆಂದು ಎತ್ತಿ ಹೇಳಿತು. 2024ರಲ್ಲಿ ಉಳಿದವರಲ್ಲಿ ಬಹುಪಾಲು ಜನರನ್ನು ಬಿಡಿಸಲು ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು.

ಆ ಇಪ್ಪತ್ತು ವರ್ಷ ಅವರ ಬಾಯಿ ಮುಚ್ಚಿಸಿದ್ದು ಯಾವುದು? ಯಂತ್ರ ತಪ್ಪಿದ್ದನ್ನು ಅವರು ಎಲ್ಲರೆದುರು ಮತ್ತೆ ಮಾಡಿ ತೋರಿಸಲಾರದೆ ಹೋದದ್ದು. ಮತ್ತೆ ಆಗಲಿಲ್ಲವೆಂದ ಮಾತ್ರಕ್ಕೆ ಮೊದಲು ಆಗಲೇ ಇಲ್ಲವೆಂದು ಹೇಳಲಾಗದು. ಮರುನಡೆಯ ವಿದ್ಯೆ ಕಲಿಸುವ ಮುಖ್ಯ ಪಾಠ ಇದೇ ಎಂದು ನನ್ನ ತಿಳುವಳಿಕೆ. ಜೊತೆಗೆ ಇನ್ನೊಂದು ಮಾತು: ದಾಖಲೆ ಇದ್ದರೆ ಸಾಲದು, ಆರೋಪ ಹೊತ್ತವನ ಕೈಗೂ ಅದು ಸಿಗಬೇಕು.

ಒತ್ತಿದ ಪ್ರತಿಯೊಂದು ಕೀಲಿಯನ್ನೂ ಬರೆದಿಡುವ ಪುಸ್ತಕದಲ್ಲಿ ನಮ್ಮ ಗುಪ್ತಪದವೂ ಇರುತ್ತದೆ, ಖಾಸಗಿ ಪತ್ರವೂ ಇರುತ್ತದೆ. ಅಂಥ ಪುಸ್ತಕ ತಪ್ಪು ಹುಡುಕಲು ಇರಲಿ. ಕೆಲಸಗಾರನ ಬೆನ್ನ ಹಿಂದೆ ಕಾವಲು ಕೂರಿಸಲು ಬೇಡ. ಅದರ ಬೀಗದ ಕೈ ಒಬ್ಬರ ಬಳಿಯೇ ಇರಬಾರದು.

ನಮ್ಮ ಕಚೇರಿಗಳಿಗೆಲ್ಲ ನಾಳೆಯೇ ಎಮ್ಯುಲೇಟರ್ ಬಂದೀತೆಂದು ನಾನು ಹೇಳುವುದಿಲ್ಲ. ಆದರೆ ಒಂದು ನೋಟುಬುಕ್ಕು ಎಲ್ಲರಿಗೂ ಸಾಧ್ಯ. ಯಂತ್ರ ತಪ್ಪು ಅಂಕಿ ತೋರಿಸಿದರೆ ಗಾಬರಿಯಿಂದ ಕೂಡಲೇ ಮತ್ತೆ ಲೆಕ್ಕ ಹಾಕಿಸಬೇಡಿ. ಮೊದಲು ಆ ತಪ್ಪು ಹಾಳೆಯ ಪ್ರತಿ ತೆಗೆದಿಡಿ. ತಾರೀಖು, ವೇಳೆ, ಅದಕ್ಕೆ ಮುಂಚೆ ಯಾವ ಯಾವ ಕೆಲಸ ಯಾವ ಕ್ರಮದಲ್ಲಿ ನಡೆಯಿತು, ಅದೇ ಹೊತ್ತಿಗೆ ಇನ್ನಾರು ಆ ಗಣಕದಲ್ಲಿ ಕೆಲಸ ಮಾಡುತ್ತಿದ್ದರು, ಇಷ್ಟನ್ನು ಬರೆಯಿರಿ. ಪಗಾರ ಕಡಮೆ ಬಂದವನು ಮೊದಲ ಚೀಟಿಯನ್ನು ಹರಿದೆಸೆಯದಿರಲಿ. ಹೊಸ ಚೀಟಿಯ ಜೊತೆಗೆ ಅದನ್ನೂ ಇಟ್ಟುಕೊಳ್ಳಲಿ. ಗಣಕದ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ವಿನಂತಿ: "ನಮ್ಮಲ್ಲಿ ಸರಿಯಾಗಿಯೇ ಬರುತ್ತದೆ" ಎನ್ನುವ ಮೊದಲು, ದೂರದ ಊರಿನ ಮೇಜಿನ ಹಿಂದೆ ಒಬ್ಬ ಕಾರಕೂನ ಉತ್ತರಕ್ಕಾಗಿ ಕಾಯುತ್ತಿದ್ದಾನೆಂದು ನೆನೆಯಿರಿ.