ಹುಡುಕಲು ಒಳದಾರಿ ಬೇಕೇ?

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮನೆಯಲ್ಲೇ ಕುಳಿತು ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವವಳು. ದಿನಕ್ಕೆ ನಲವತ್ತು ಸಲವಾದರೂ ಪದದ ಅರ್ಥ ಹುಡುಕಬೇಕು. ಪ್ರತಿ ಸಲ ಬ್ರೌಸರ್ ತೆರೆದು ನಿಘಂಟಿನ ಪುಟಕ್ಕೆ ಹೋಗುವುದು ಬೇಸರವಾಗಿ, ಹೋದ ವರ್ಷ ಒಂದು ಪುಟ್ಟ ಉಚಿತ ತಂತ್ರಾಂಶ ಹಾಕಿಕೊಂಡೆ. ಡೆಸ್ಕ್‌ಟಾಪ್ ಮೇಲೆ ಸಣ್ಣ ಚೌಕ. ಅದರಲ್ಲಿ ಪದ ಬರೆದು ಎಂಟರ್ ಒತ್ತಿದರಾಯಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು!

ಲೋಕಲ್ ಹಿಡಿಯುವ ಅವಸರ ಮುಂಬಯಿಯವರನ್ನು ಮನೆಯೊಳಗೂ ಬಿಡುವುದಿಲ್ಲ. ಓದದೆ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತಿದ್ದೆ. ಆ ತಂತ್ರಾಂಶ ನನ್ನ ಬ್ರೌಸರಿನ ಸರ್ಚ್ ಎಂಜಿನನ್ನೇ ಬದಲಿಸಿಬಿಟ್ಟಿತ್ತು. ಪುಟ ತೆರೆದರೆ ಮೇಲೆಲ್ಲ ಜಾಹೀರಾತು. ಒಂದು ದಿನ ಬ್ಯಾಂಕಿನ ಸಹಾಯವಾಣಿ ಹುಡುಕಿ, ಮೊದಲು ಕಂಡ ನಂಬರಿಗೇ ಫೋನ್ ಮಾಡಿದೆ. ಬಹಳ ನಯವಾಗಿ ಮಾತಾಡಿದವನು ಕೊನೆಗೆ “ಮೇಡಂ, ಓಟಿಪಿ ಹೇಳಿ” ಎಂದ. ಎದೆ ಧಸಕ್ಕೆಂದಿತು. ಫೋನ್ ಇಟ್ಟೆ. ಪುಣ್ಯಕ್ಕೆ ಹಣ ಹೋಗಲಿಲ್ಲ.

ತಪ್ಪು ನನ್ನದೂ ಹೌದು. ಮೋಸದ ಜಾಹೀರಾತು ಎಲ್ಲಿ ಬೇಕಾದರೂ ಬರಬಹುದು. ಆದರೆ ಎರಡು ಸೆಕೆಂಡ್ ಉಳಿಸಲು, ನಾನು ಏನೇನು ಹುಡುಕುತ್ತೇನೆಂದು ನೋಡಬಲ್ಲ ಅಪರಿಚಿತನನ್ನು ಮನೆಯೊಳಗೆ ಕೂರಿಸಿಕೊಳ್ಳಬೇಕೇ?

ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಡ. ಬ್ರೌಸರಿನಲ್ಲೇ ಈ ಸೌಲಭ್ಯವಿದೆ. ಕಂಟ್ರೋಲ್ ಹಿಡಿದು ‘ಎಲ್’ ಒತ್ತಿದರೆ ಕರ್ಸರ್ ಮೇಲಿನ ವಿಳಾಸದ ಪಟ್ಟಿಗೆ ಹೋಗುತ್ತದೆ. ಅಲ್ಲೇ ಬರೆದು ಹುಡುಕಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸರ್ಚ್ ಎಂಜಿನ್’ ವಿಭಾಗಕ್ಕೆ ಹೋಗಿ, ಇಷ್ಟದ ತಾಣಕ್ಕೊಂದು ಅಡ್ಡಹೆಸರನ್ನೂ ಇಡಬಹುದು. ತಾಣದ ವಿಳಾಸದಲ್ಲಿ ಹುಡುಕುವ ಪದ ಬರುವ ಜಾಗಕ್ಕೆ ಶೇಕಡಾ ಚಿಹ್ನೆ, ಪಕ್ಕದಲ್ಲಿ ಇಂಗ್ಲಿಷಿನ ಎಸ್ ಹಾಕಿದರಾಯಿತು. ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿಗೆ ನಾನು ‘ಕೆ’ ಎಂಬ ಒಂದೇ ಇಂಗ್ಲಿಷ್ ಅಕ್ಷರ ಇಟ್ಟಿದ್ದೇನೆ. ‘ಕೆ’ ಒತ್ತಿ, ಟ್ಯಾಬ್ ಒತ್ತಿ, ಪದ ಬರೆದು ಎಂಟರ್ ಕೊಟ್ಟರೆ ಅರ್ಥ ಎದುರಿಗೆ! ಬ್ರೌಸರ್ ತೆರೆದಿರಬೇಕು, ನಿಜ. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಅದೂ ಮುಂದೆ ಬರುತ್ತದೆ.

ಇಂಥದ್ದನ್ನು ಈಗಾಗಲೇ ಹಾಕಿಕೊಂಡವರು ತೆಗೆದುಹಾಕಿದರೆ ಸಾಲದು, ಸರ್ಚ್ ಎಂಜಿನ್ ಮೊದಲಿನಂತಾಗಿದೆಯೇ ಎಂದೂ ನೋಡಿ. ಬ್ಯಾಂಕಿನ ನಂಬರನ್ನು ಹುಡುಕಲೇಬೇಡಿ. ಕಾರ್ಡಿನ ಹಿಂಭಾಗ ನೋಡಿ. ಅಕಸ್ಮಾತ್ ಹಣ ಹೋದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ.

ಇಂದು ಮನೆಗೆ ಹೋದವರೇ ಒಮ್ಮೆ ಕಂಟ್ರೋಲ್–ಎಲ್ ಒತ್ತಿ ನೋಡಿ.