ಎಸ್‌ಎಸ್‌ಡಿ ಹಾಕಿಸಬೇಕೋ ಬೇಡವೋ?

ಜೂನ್ ತಿಂಗಳು ಬಂತೆಂದರೆ ಶಿಕಾರಿಪುರದ ಆನ್‌ಲೈನ್ ಸೆಂಟರುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಬಸ್ ಪಾಸು, ಪಹಣಿ ಎಲ್ಲ ಒಟ್ಟಿಗೇ ಬೇಕು. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ಸಾಲು. ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಮತ್ತೆ ಬರುತ್ತದೆ. ಕಂಪ್ಯೂಟರ್ ಮೊದಲಿನಿಂದ ಶುರುವಾಗಬೇಕು. ಪರದೆಯ ಮೇಲೆ ಬಿಳಿ ಚುಕ್ಕೆಗಳು ಗಿರಗಿರನೆ ಸುತ್ತುತ್ತಲೇ ಇರುತ್ತವೆ.

“ಅಕ್ಕಾ, ಇನ್ನೂ ಆಗ್ಲಿಲ್ವಾ?”

“ತಡಿಯೋ ಪುಟ್ಟ, ಈಗಷ್ಟೇ ಆನ್ ಆಗ್ತಾ ಇದೆ.”

ಆನ್ ಆಗುತ್ತದೆ. ಅರ್ಜಿಯ ಪುಟ ತೆರೆದರೆ ಮತ್ತೆ ಚುಕ್ಕೆ. ಈಗ ಅಕ್ಕ ಹೇಳುವುದು ಬೇರೆ ಮಾತು: “ಸರ್ವರ್ ಬ್ಯುಸಿ.”

ಇಂಥ ಅಂಗಡಿಯವರಿಗೆ ಯಾರಾದರೊಬ್ಬರು ಹೇಳಿಯೇ ಇರುತ್ತಾರೆ, “ಒಂದು ಎಸ್‌ಎಸ್‌ಡಿ ಹಾಕ್ಸಿಬಿಡಿ, ಆಮೇಲೆ ನೋಡಿ ಸ್ಪೀಡು!” ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಕ್ಕನ ಅಂಗಡಿಯಲ್ಲಿ ನಾವು ಕಂಡದ್ದು ಎರಡು ಥರದ ಕಾಯುವಿಕೆ. ಮೊದಲನೆಯದು ಕಂಪ್ಯೂಟರಿನ ಒಳಗಿನದು, ಎರಡನೆಯದು ಎಲ್ಲೋ ದೂರದ ಸರ್ವರಿನದು. ಎಸ್‌ಎಸ್‌ಡಿ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಅದರಿಂದ ಕವಡೆಕಾಸಿನ ಪ್ರಯೋಜನವಿಲ್ಲ. ಹಾಗಾಗಿ ದುಡ್ಡು ಬಿಚ್ಚುವ ಮೊದಲು, ಈ ಕಂಪ್ಯೂಟರ್ ಯಾವುದಕ್ಕಾಗಿ ಕಾಯುತ್ತಿದೆ ಅಂತ ಪತ್ತೆ ಹಚ್ಚಬೇಕು. ಈ ಪತ್ತೇದಾರಿ ಕೆಲಸ ನೀವೇ ಮಾಡಬಹುದು, ದೊಡ್ಡವರೇ ಬೇಕೆಂದಿಲ್ಲ.

ಎಸ್‌ಎಸ್‌ಡಿ ಅಂದರೆ ಸಾಲಿಡ್ ಸ್ಟೇಟ್ ಡ್ರೈವ್. ಕಂಪ್ಯೂಟರ್ ತನ್ನ ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವಂಥದ್ದು. ಮೊದಲು ಆ ಹಳೆಯ ಹಾರ್ಡ್ ಡಿಸ್ಕ್ ಒಳಗೆ ಏನಿದೆ ನೋಡೋಣ. ಕನ್ನಡಿಯ ಹಾಗೆ ಹೊಳೆಯುವ ದುಂಡನೆಯ ತಟ್ಟೆ. ಒಂದಕ್ಕಿಂತ ಹೆಚ್ಚೂ ಇರಬಹುದು. ಅದರ ಮೇಲೆ ಕಾಂತಗುಣವಿರುವ ತೆಳುವಾದ ಲೇಪನ. ನಿಮ್ಮ ಫೋಟೊ, ಹಾಡು, ಅರ್ಜಿ ಎಲ್ಲವೂ ಆ ಲೇಪನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಆಯಸ್ಕಾಂತಗಳಾಗಿ ಕೂತಿರುತ್ತವೆ. ತಟ್ಟೆ ಸುತ್ತುತ್ತದೆ, ಒಂದು ಪುಟ್ಟ ತೋಳು ಅದರ ಮೇಲೆ ಅತ್ತಿತ್ತ ಆಡುತ್ತದೆ. ತೋಳಿನ ತುದಿಯಲ್ಲಿರುವ ಓದುಗ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ. ನಮ್ಮ ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ, ತಟ್ಟೆಯ ಜೊತೆ ಸುತ್ತುವ ಗಾಳಿಯ ಮೇಲೆ ತೇಲುತ್ತಿರುತ್ತದೆ.

ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಹೋಗಿದ್ದೀರಾ? ಅಲ್ಲಿನ ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲಿನ ಕಂಬವಿದೆ. ಐದನೇ ಶತಮಾನದ್ದು, ಕದಂಬರ ಶಾಂತಿವರ್ಮನ ಕಾಲದ್ದು. ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಪದ್ಯಗಳು ಅದರ ಮೇಲಿವೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಕೊನೆಗೆ ಅವನೇ ರಾಜನಾದದ್ದು ನಮಗೆ ಗೊತ್ತಿರುವುದು ಈ ಕಂಬದಿಂದ. ಕಂಬಕ್ಕೆ ಎಂಟು ಮುಖ, ಅಕ್ಷರಗಳನ್ನು ಉದ್ದುದ್ದಕ್ಕೆ ಕೆತ್ತಿದ್ದಾರೆ. ಹಾಗಾಗಿ ಪೂರ್ತಿ ಓದಬೇಕೆಂದರೆ ಕಂಬಕ್ಕೆ ಸುತ್ತು ಬರಬೇಕು. ಹಾರ್ಡ್ ಡಿಸ್ಕಿನಲ್ಲಿ ಇದು ಉಲ್ಟಾ. ಓದುವವನು ನಿಂತಲ್ಲೇ ನಿಂತಿರುತ್ತಾನೆ, ಕಂಬವೇ ಸುತ್ತುತ್ತದೆ. ಬೇಕಾದ ಸಾಲು ಈಗಷ್ಟೇ ಆಚೆಗೆ ಹೋಗಿದ್ದರೆ ಅದು ಇನ್ನೊಂದು ಸುತ್ತು ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ಎಷ್ಟು ಹೊತ್ತು ಕಾಯಬೇಕು? ಪೆನ್ಸಿಲ್ ತೆಗೆದುಕೊಳ್ಳಿ. ಮೇಜಿನ ಕಂಪ್ಯೂಟರುಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ಸುತ್ತುತ್ತದೆ. ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎಂಟು ಭಾಗ. ನಮ್ಮ ಅದೃಷ್ಟ ಒಮ್ಮೆ ಚೆನ್ನಾಗಿರುತ್ತದೆ, ಒಮ್ಮೆ ಇರುವುದಿಲ್ಲ. ಸರಾಸರಿ ಅರ್ಧ ಸುತ್ತು ಕಾಯಬೇಕು ಅಂತ ಹಿಡಿಯಿರಿ, 4 ಮಿಲಿಸೆಕೆಂಡು. ತೋಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು 9. ಒಟ್ಟು 13. ಕಣ್ಣು ಮಿಟುಕಿಸಲು ನಮಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು, ಇದೇನು ಮಹಾ ಅನ್ನಿಸಬಹುದು.

ಆದರೆ ಕಂಪ್ಯೂಟರ್ ಶುರುವಾಗುವಾಗ ಓದುವುದು ಒಂದು ಸಾಲನ್ನಲ್ಲ. ಡಿಸ್ಕಿನ ಮೂಲೆ ಮೂಲೆಗಳಲ್ಲಿ ಚದುರಿ ಬಿದ್ದಿರುವ ಸಾವಿರಾರು ಸಣ್ಣ ಚೂರುಗಳನ್ನು. ಹತ್ತು ಸಾವಿರ ಚೂರು ಅಂತಿಟ್ಟುಕೊಂಡರೆ, ಹತ್ತು ಸಾವಿರ ಸಲ 13 ಮಿಲಿಸೆಕೆಂಡು. 130 ಸೆಕೆಂಡಾಯಿತು. ಎರಡು ನಿಮಿಷಕ್ಕೂ ಹೆಚ್ಚು! ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಇನ್ನೂ ನಿಧಾನ, ಹೆಚ್ಚಿನವು ನಿಮಿಷಕ್ಕೆ 5,400 ಸುತ್ತಿನವು. ಅದರ ಲೆಕ್ಕ ನೀವೇ ಹಾಕಿ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಸುತ್ತುವ, ಸರಿಯುವ, ಸದ್ದು ಮಾಡುವ ಯಾವುದೂ ಇಲ್ಲ. ಇರುವುದು ಚಿಪ್ಪುಗಳು. ಪೆನ್‌ಡ್ರೈವಿನಲ್ಲಿ, ಅಮ್ಮನ ಮೊಬೈಲಿನಲ್ಲಿ ಇರುವುದೂ ಇದೇ ಜಾತಿಯ ಚಿಪ್ಪು. ಇದನ್ನು ಕಂಡುಹಿಡಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ. 1984ರಲ್ಲಿ ಮೊದಲ ಸಲ ಜಗತ್ತಿಗೆ ಹೇಳಿದರು. ಈಗಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಎಂಬ ಬಗೆ ಬಂದದ್ದು 1987ರಲ್ಲಿ.

ಚಿಪ್ಪಿನೊಳಗೆ ಕೋಟ್ಯಂತರ ಪುಟ್ಟ ಕೋಣೆಗಳು. ಸುತ್ತಲೂ ವಿದ್ಯುತ್ ಹರಿಯಲು ಬಿಡದ ಗೋಡೆ. ಬರೆಯುವುದು ಅಂದರೆ ಆ ಕೋಣೆಯೊಳಗೆ ಎಲೆಕ್ಟ್ರಾನುಗಳನ್ನು ತಳ್ಳುವುದು. ಗೋಡೆ ಬಿಡುವುದಿಲ್ಲವಲ್ಲ, ಹೇಗೆ ಒಳಗೆ ಹೋಗುತ್ತವೆ? ಇದೇ ನನಗೆ ಬಹಳ ಇಷ್ಟವಾದ ಭಾಗ. ಗೋಡೆ ಕೆಲವೇ ನ್ಯಾನೋಮೀಟರಿನಷ್ಟು ತೆಳುವಿದ್ದು, ವೋಲ್ಟೇಜು ಜಾಸ್ತಿ ಕೊಟ್ಟರೆ, ಎಲೆಕ್ಟ್ರಾನು ಗೋಡೆಯ ಈಚೆಯಿಂದ ಆಚೆಗೆ ದಾಟಿಬಿಡುತ್ತದೆ. ಗೋಡೆಯನ್ನು ಹಾರಿಯೂ ಅಲ್ಲ, ತೂತು ಕೊರೆದೂ ಅಲ್ಲ. ಕ್ವಾಂಟಂ ವಿಜ್ಞಾನ ಓದುವವರು ಇದಕ್ಕೆ ಟನೆಲಿಂಗ್ ಅನ್ನುತ್ತಾರೆ. ಕಾಲೇಜಿಗೆ ಹೋದ ಮೇಲೆ ಇದರ ಗಣಿತ ಕಲಿಯುತ್ತೀರಿ, ಈಗ ಬೆರಗುಪಟ್ಟರೆ ಸಾಕು. ಒಳಗೆ ಎಷ್ಟು ಎಲೆಕ್ಟ್ರಾನು ಕೂತಿವೆ ಎಂದು ಅಳೆಯುವುದೇ ಓದುವುದು. ಕರೆಂಟು ಹೋದರೂ ಅವು ಕೂತಲ್ಲೇ ಇರುತ್ತವೆ.

ಯಾವ ಕೋಣೆಯನ್ನು ಕೇಳಿದರೂ ಉತ್ತರ ಬರಲು ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಹತ್ತು ಸಾವಿರ ಚೂರಿಗೆ ಒಂದು ಸೆಕೆಂಡು! ಓದಿದ್ದನ್ನು ಲೆಕ್ಕಿಸಿ ಜೋಡಿಸಲು ಪ್ರೊಸೆಸರಿಗೂ ಹೊತ್ತು ಬೇಕಾದ್ದರಿಂದ ಕಂಪ್ಯೂಟರೇನೂ ಒಂದು ಸೆಕೆಂಡಿನಲ್ಲಿ ಆನ್ ಆಗುವುದಿಲ್ಲ. ಅರ್ಧ ನಿಮಿಷದೊಳಗಂತೂ ಸಾಮಾನ್ಯವಾಗಿ ಆಗುತ್ತದೆ.

ಎಸ್‌ಎಸ್‌ಡಿಗೆ ಒಂದು ದೌರ್ಬಲ್ಯವೂ ಇದೆ. ಪ್ರತಿ ಸಲ ಬರೆದು ಅಳಿಸಿದಾಗಲೂ ಆ ತೆಳು ಗೋಡೆ ಒಂದಿಷ್ಟು ಸವೆಯುತ್ತದೆ. ಎಷ್ಟರವರೆಗೆ ಬರೆದರೆ ತೊಂದರೆಯಿಲ್ಲ ಎಂದು ಕಂಪನಿ ಭರವಸೆ ಕೊಡುವ ಮಿತಿಯನ್ನು ಟಿಬಿಡಬ್ಲ್ಯೂ ಎಂಬ ಅಂಕಿಯಲ್ಲಿ ಕೊಟ್ಟಿರುತ್ತಾರೆ. ಅದು 80 ಅಂತಿದ್ದರೆ 80 ಟೆರಾಬೈಟ್, ಅಂದರೆ 80,000 ಗಿಗಾಬೈಟ್. ಅಕ್ಕ ದಿನಕ್ಕೆ 20 ಗಿಗಾಬೈಟ್ ಬರೆದರೂ 4,000 ದಿನ ಬೇಕು, ಹತ್ತಿರಹತ್ತಿರ ಹನ್ನೊಂದು ವರ್ಷ. ಅಷ್ಟರೊಳಗೆ ಕಂಪ್ಯೂಟರೇ ಗುಜರಿಗೆ ಹೋಗಿರುತ್ತದೆ. ಸವೆತದ ಭಯದಿಂದ ಎಸ್‌ಎಸ್‌ಡಿ ಬೇಡ ಅನ್ನುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಇನ್ನು ಪತ್ತೇದಾರಿಗೆ ಬನ್ನಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ಒತ್ತಿ. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್, ಪ್ರತಿಯೊಂದಕ್ಕೂ ಏರಿಳಿಯುವ ಒಂದು ಗೆರೆ ಕಾಣುತ್ತದೆ. ಈಗಿರುವುದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದೂ ಅಲ್ಲೇ ಬರೆದಿರುತ್ತದೆ. ಎಷ್ಟೋ ಜನ ಇದನ್ನು ನೋಡದೆಯೇ ಅಂಗಡಿಗೆ ಹೋಗಿ, ಒಳಗಿರುವುದು ಆಗಲೇ ಎಸ್‌ಎಸ್‌ಡಿ ಅಂತ ಗೊತ್ತಾಗಿ ವಾಪಸ್ ಬರುತ್ತಾರೆ! ಈಗ ಕಂಪ್ಯೂಟರಿಗೆ ಕೆಲಸ ಕೊಟ್ಟು, ಅದು ತಡವರಿಸುವಾಗ ಯಾವ ಗೆರೆ ಮೇಲಕ್ಕೆ ತಾಗಿ ನಿಂತಿದೆ ನೋಡಿ.

ಅಕ್ಕನ ಅಂಗಡಿಯಲ್ಲಿ ಡಿಸ್ಕ್ ಗೆರೆ ನೂರಕ್ಕೆ ಅಂಟಿಕೊಂಡಿದ್ದು, ಪ್ರೊಸೆಸರ್ ಸುಮ್ಮನೆ ಕೂತಿದೆ ಎನ್ನಿ. ಕಾರಣ ಸ್ಪಷ್ಟ, ಡಿಸ್ಕೇ. ಎಸ್‌ಎಸ್‌ಡಿ ಹಾಕಿಸಿದರೆ ಎಷ್ಟು ಲಾಭ? ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕಂಪ್ಯೂಟರ್ ಮರು ಶುರುವಾದರೆ, ಸಲಕ್ಕೆ ಎರಡು ನಿಮಿಷ ಉಳಿದರೂ ದಿನಕ್ಕೆ ಎಂಟು. ತಿಂಗಳಿಗೆ 25 ದಿನ ಅಂಗಡಿ ತೆರೆದರೆ 200 ನಿಮಿಷ. ಒಂದು ಅರ್ಜಿಗೆ ಹತ್ತು ನಿಮಿಷ ಹಿಡಿದರೆ ಇಪ್ಪತ್ತು ಅರ್ಜಿ. ಆ ಇಪ್ಪತ್ತು ಅರ್ಜಿಯ ದುಡಿಮೆಯನ್ನು ಎಸ್‌ಎಸ್‌ಡಿ ಬೆಲೆಯ ಪಕ್ಕಕ್ಕೆ ಇಟ್ಟರೆ ಉತ್ತರ ಸಿಕ್ಕಿತು. ಚಿಪ್ಪುಗಳ ಬೆಲೆ ಬಹಳ ಏರಿಳಿಯುವುದರಿಂದ ಹೋದ ವರ್ಷ ಯಾರೋ ಹೇಳಿದ ಬೆಲೆಯನ್ನು ನಂಬಿ ಲೆಕ್ಕ ಹಾಕಬೇಡಿ, ಇವತ್ತು ವಿಚಾರಿಸಿ. ಇನ್ನೊಂದು ಮಾತು. ಕಾಟ ಕೊಡುತ್ತಿರುವುದು ಕರೆಂಟೇ ಆದರೆ ಮೊದಲು ಯುಪಿಎಸ್ಸಿನ ಬ್ಯಾಟರಿ ಸತ್ತಿದೆಯೋ ನೋಡಿ. ಬ್ಯಾಟರಿ ಸರಿಯಿದ್ದರೆ ಕಂಪ್ಯೂಟರ್ ಆಫೇ ಆಗುವುದಿಲ್ಲವಲ್ಲ!

ಸೊರಬದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಪಿಯುಸಿ ಓದುವ ಹುಡುಗಿಯೊಬ್ಬಳ ಹಳೆಯ ಲ್ಯಾಪ್‌ಟಾಪ್, ರ‍್ಯಾಮ್ ಅಂದರೆ ಮೆಮೊರಿ ಬರೀ 4 ಗಿಗಾಬೈಟ್. ಬ್ರೌಸರಿನಲ್ಲಿ ಹನ್ನೆರಡು ಪುಟ ತೆರೆದು ಕೂತಿದ್ದಾಳೆ. ಡಿಸ್ಕ್ ಗೆರೆ ಇಲ್ಲೂ ನೂರು! ಆದರೆ ಕಳ್ಳ ಬೇರೆಯೇ. ಮೆಮೊರಿಯ ಗೆರೆ ನೋಡಿದರೆ ಅದೂ ತುಂಬಿ ತುಳುಕುತ್ತಿದೆ. ರ‍್ಯಾಮಿನಲ್ಲಿ ಜಾಗ ಸಾಲದಿದ್ದಾಗ ಕಂಪ್ಯೂಟರ್ ಅಲ್ಲಿದ್ದದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತಿರುತ್ತದೆ. ಈ ಓಡಾಟದಿಂದಲೇ ಡಿಸ್ಕಿಗೆ ಸುಸ್ತು. ಎಸ್‌ಎಸ್‌ಡಿ ಹಾಕಿದರೆ ಓಡಾಟ ಬೇಗಬೇಗ ನಡೆಯುತ್ತದೆ, ನಿಲ್ಲುವುದಿಲ್ಲ. ಇಲ್ಲಿ ನಾನಾದರೆ ಮೊದಲ ದುಡ್ಡನ್ನು ರ‍್ಯಾಮಿಗೆ ಹಾಕುತ್ತೇನೆ, ಉಳಿದರೆ ಎಸ್‌ಎಸ್‌ಡಿಗೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲು ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ತುಂಬ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅಂಥದ್ದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ನಡೆಸಬಹುದು. ಅದರ ಮೇಲೆ ಬ್ಯಾಟರಿಯೂ ಸತ್ತು, ನಾಲ್ಕು ಕೀಲಿಗಳೂ ಕಿತ್ತುಹೋಗಿದ್ದರೆ ನಾನು ಆ ಲ್ಯಾಪ್‌ಟಾಪಿಗೆ ದುಡ್ಡು ಹಾಕಲಾರೆ. ಎಸ್‌ಎಸ್‌ಡಿಗೆ ಹಾಕಿದ ದುಡ್ಡಂತೂ ದಂಡವಾಗುವುದಿಲ್ಲ. ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಬಹುದು.

ಅಡಿಕೆ ಮಂಡಿಯ ಸಿಸಿಟಿವಿ ಪೆಟ್ಟಿಗೆಗೆ? ಬೇಡವೇ ಬೇಡ. ಅದು ಹಗಲೂ ರಾತ್ರಿ ಒಂದೇ ಸಮನೆ, ಸಾಲಾಗಿ ಬರೆಯುತ್ತಲೇ ಇರುತ್ತದೆ. ತೋಳು ಅತ್ತಿತ್ತ ಹೆಚ್ಚು ಓಡುವ ಕೆಲಸವಿಲ್ಲ, ಜಾಗ ಮಾತ್ರ ಬಹಳ ಬೇಕು. ಕಡಿಮೆ ದುಡ್ಡಿಗೆ ಹೆಚ್ಚು ಜಾಗ ಕೊಡುವುದು ಇವತ್ತಿಗೂ ಹಾರ್ಡ್ ಡಿಸ್ಕೇ.

ಅಂಗಡಿಗೆ ಹೋದಾಗ ಎನ್‌ವಿಎಂಇ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ಅದೂ ಎಸ್‌ಎಸ್‌ಡಿಯೇ, ಚಾಕಲೇಟಿನ ಪಟ್ಟಿಯಷ್ಟು ಸಣ್ಣದು, ದೊಡ್ಡ ಫೈಲುಗಳನ್ನು ಸಾಗಿಸುವಾಗ ಮಾಮೂಲಿ ಸಾಟಾ ಎಸ್‌ಎಸ್‌ಡಿಗಿಂತ ಎಷ್ಟೋ ಪಟ್ಟು ವೇಗ. ಆದರೆ ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇಲ್ಲದಿರಬಹುದು. ಸಲಕ್ಕೆ ಎರಡು ನಿಮಿಷ ಉಳಿಸಿದ ಮೇಲೆ ಇನ್ನೂ ಎರಡು ಮೂರು ಸೆಕೆಂಡಿಗಾಗಿ ಹೆಚ್ಚು ದುಡ್ಡು ಕೊಡುವುದು ಅರ್ಜಿ ತುಂಬುವ ಅಂಗಡಿಗೆ ಬೇಕಿಲ್ಲ.

ಎಸ್‌ಎಸ್‌ಡಿ ಹಾಕಿಸುವವರು ಮೊದಲು ಫೋಟೊಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಟಕ್ ಟಕ್ ಎಂದು ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿಯಿಂದ ಅಂಥ ಸದ್ದು ಬರುವುದಿಲ್ಲ, ನಿನ್ನೆ ಚೆನ್ನಾಗಿದ್ದದ್ದು ಇವತ್ತು ಕಣ್ಣೇ ಬಿಡದಿರಬಹುದು. ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಕೋಣೆಗಳಲ್ಲಿನ ಎಲೆಕ್ಟ್ರಾನುಗಳು ಮೆಲ್ಲಗೆ ಜಾರಿಕೊಳ್ಳುತ್ತವೆ. ತಾಳಗುಂದದ ಕಂಬ ಸಾವಿರದೈನೂರು ವರ್ಷ ಯಾವ ಕರೆಂಟೂ ಇಲ್ಲದೆ ನೆನಪಿಟ್ಟುಕೊಂಡಿದೆ, ಆದರೆ ಅದರಲ್ಲಿ ಒಂದಕ್ಷರ ತಿದ್ದಲೂ ಆಗುವುದಿಲ್ಲ. ನಿಮ್ಮ ಚಂದ್ರಗುತ್ತಿ ಜಾತ್ರೆಯ ಫೋಟೊಗಳಂತೂ ಎರಡು ಕಡೆ ಇರಲಿ.

ತೆಗೆದ ಹಳೆಯ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಎಸೆಯಬೇಡಿ. ಕೇಸಿಂಗ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ, ಅದರೊಳಗೆ ಹಾಕಿದರೆ ಪೆನ್‌ಡ್ರೈವಿನ ಹಾಗೆ ಯುಎಸ್‌ಬಿಗೆ ಚುಚ್ಚಿ ಬಳಸಬಹುದು. ಪೂರ್ತಿ ಸತ್ತುಹೋಗಿದ್ದರೆ ಇನ್ನೂ ಒಳ್ಳೆಯದು, ಅದು ನಿಮ್ಮದು! ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿ. ತಿರುಪುಗಳಿಗೆ ನಕ್ಷತ್ರದಾಕಾರದ ತುದಿಯ ಸ್ಕ್ರೂಡ್ರೈವರ್ ಬೇಕು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇರುತ್ತದೆ. ಒಂದೆರಡು ತಿರುಪು ಸ್ಟಿಕ್ಕರಿನ ಅಡಿ ಅಡಗಿರುತ್ತದೆ, ಬೆರಳಿನಿಂದ ಒತ್ತಿ ಹುಡುಕಿ. ಲ್ಯಾಪ್‌ಟಾಪಿನ ಡಿಸ್ಕಾದರೆ ತಟ್ಟೆ ಗಾಜಿನದ್ದಿರಬಹುದು, ಬಗ್ಗಿಸಲು ಹೋದರೆ ಚೂರುಚೂರಾಗಿ ಸಿಡಿಯುತ್ತದೆ. ತೋಳಿನ ಬುಡದಲ್ಲಿ ಬಾಗಿದ ಲೋಹದ ತುಂಡುಗಳು ಕಾಣುತ್ತವೆ. ತೋಳನ್ನು ಅತ್ತಿತ್ತ ಆಡಿಸುತ್ತಿದ್ದ ನಿಯೋಡಿಮಿಯಂ ಆಯಸ್ಕಾಂತಗಳು ಅವು. ಎರಡರ ನಡುವೆ ಬೆರಳು ಸಿಕ್ಕಿದರೆ ಚರ್ಮ ಕಿತ್ತು ಬರುವಷ್ಟು ಬಲ. ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರೆ ಅವರ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ. ಇಡುವ ಮುಂಚೆ ಅಪ್ಪನ ಎಟಿಎಂ ಕಾರ್ಡು ಅಲ್ಲೇನಾದರೂ ಇದೆಯೋ ನೋಡಿಕೊಳ್ಳಿ, ಅದರ ಹಿಂದಿನ ಕಪ್ಪು ಪಟ್ಟಿಯಲ್ಲಿರುವುದೂ ಆಯಸ್ಕಾಂತದ ಬರಹವೇ.